ಗಾಜುಗೆರೆಯ ಹೆಪ್ಪು

ಹಳೆ ಹುಬ್ಬಳ್ಳಿ, ನಾಲ್ಕನೇ ಓಣಿ
ಕೆರೆ ಮುಚ್ಚಿದ ೮೮ನೇ ವರ್ಷ, ಎರಡನೇ ಶ್ರಾವಣದ ಮೂವತ್ತೆರಡನೇ ದಿನ

ಪ್ರಮೀಳಾ ಆಯಿಯವರಿಗೆ,

ಮೇಲಿನ ತಾರೀಖು ನೋಡಿ, ಯಾರೋ ತಲೆ ಕೆಟ್ಟವರು ಬರೆದದ್ದೆಂದು ಕಾಗದ ಮಡಚಿಡಬೇಡಿ. ನಿಮ್ಮ ಲೆಕ್ಕದಲ್ಲಿ ಇದು ೨೧೯೪ನೇ ಇಸವಿ. ಮಳೆ ತನಗೆ ತೋಚಿದ ತಿಂಗಳಲ್ಲಿ ಬೀಳಲು ಶುರುವಾದ ಮೇಲೆ ನಮ್ಮವರು ಪಂಚಾಂಗವನ್ನು ಎಳೆದು ಹಿಗ್ಗಿಸಿದ್ದಾರೆ. ಹೀಗಾಗಿ ಶ್ರಾವಣ ಎರಡು ಬರುತ್ತವೆ, ಎರಡೂ ಮೂವತ್ತಾರು ದಿನದವು. ನಾನು ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು, ಹೆಸರು ಸಾವಂತ್ರಿ. ನಿಮಗೀಗ ಮೂವತ್ತನಾಲ್ಕು, ನನಗೆ ಎಪ್ಪತ್ತೊಂದು. ಸಂಬಂಧದಲ್ಲಿ ನೀವು ಹಿರಿಯರು, ಕಾಲಿಗೆ ಬೀಳಬೇಕು. ಆದರೆ ಬಿದ್ದರೆ ಏಳಿಸಲು ಇಬ್ಬರು ಬೇಕಾಗುತ್ತದೆ, ಆದ್ದರಿಂದ ಇಲ್ಲಿಂದಲೇ ಕೈ ಮುಗಿದಿದ್ದೇನೆ. ನನ್ನ ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಉಳಿದುಬಂದಿರುವ ನಿಮ್ಮ ನೋಟ್‌ಬುಕ್ಕಿನ ಕನ್ನಡವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ನಮ್ಮ ಕಾಲದ ನಾಲ್ಕಾರು ಶಬ್ದ ನುಸುಳಿದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಿಂಟಪಾಲು ಎನ್ನುತ್ತೇವೆ. ಒಬ್ಬರಿಗೆ ಇಡೀ ಜನ್ಮಕ್ಕೆ ಒಂದೇ ಕಾಗದ. ಅದು ತಲುಪಿತೋ ಇಲ್ಲವೋ ಎಂದು ತಿಳಿಯುವ ದಾರಿಯಿಲ್ಲ. ಜನ ತೀರಿಹೋದ ತಾಯಿಗೆ ಬರೆಯುತ್ತಾರೆ, ಕೈಬಿಟ್ಟ ಪ್ರಿಯಕರನಿಗೆ ಬರೆಯುತ್ತಾರೆ. ನನ್ನ ಒಂದು ಕಾಗದವನ್ನು ನಾನು ನಿಮ್ಮ ಮನೆಯ ಟಿವಿ ಪಕ್ಕದ ಎರಡು ಅಡಿ ಗಾಜಿನ ಅಕ್ವೇರಿಯಂ ಸಲುವಾಗಿ ಖರ್ಚು ಮಾಡುತ್ತಿದ್ದೇನೆ. ನಿಮ್ಮ ನೋಟ್‌ಬುಕ್ಕಿನ ಕೊನೆಯ ಬರಹ ಇಷ್ಟು: "ಬೆನ್ನು ಹೋತು. ಸಾಕಾಗೇತಿ. ರವಿವಾರ ಟ್ಯಾಂಕ್ ಖಾಲಿ ಮಾಡ್ತೀನಿ. ಪಕ್ಕದಮನಿ ಗಿರಿಜಾ ಮತ್ತ ಒಂದು ಹಿಡಿ ಹುಲ್ಲು ಕೇಳಿದ್ಳು. ಕೊಡೂದಿಲ್ಲ ಅಂದೆ. ಸುಮ್ನ ಸಾಯಿಸ್ತಾಳ." ಆ ಮುಂದಿನ ಪುಟಗಳೆಲ್ಲ ಖಾಲಿ. ಈ ಕಾಗದ ರವಿವಾರಕ್ಕೆ ಮೊದಲು ನಿಮ್ಮ ಕೈ ಸೇರಲಿ ಎಂಬುದಷ್ಟೇ ನನ್ನ ಆಸೆ. ಗಿರಿಜಾಗೆ ಆ ಹುಲ್ಲು ಸಿಗಬೇಕು. ಯಾಕೆಂದು ಹೇಳಬೇಕಾದರೆ ನಮ್ಮ ದಿನಗಳನ್ನು ಸ್ವಲ್ಪ ಹೇಳಬೇಕು.

ನಮ್ಮಲ್ಲಿ ಕೆರೆಗಳಿಗೆ ಮುಚ್ಚಳ ಹಾಕಿದ್ದಾರೆ. ಬಿಸಿಲು ನೀರು ಕುಡಿಯದಿರಲಿ ಎಂದು ಮೊದಲು ಒಂದಕ್ಕೆ ಹಾಕಿದರು, ಆಮೇಲೆ ಎಲ್ಲಕ್ಕೂ. ನಮ್ಮ ಶಕೆಯೂ ಅಲ್ಲಿಂದಲೇ ಎಣಿಕೆ. ನಳದಲ್ಲಿ ಬರುವುದು ಸತ್ತನೀರು. ಬೈಗುಳವಲ್ಲ, ಹೆಸರೇ ಹಾಗೆ. ಒಂದು ಕ್ರಿಮಿಯೂ ಇಲ್ಲದಂತೆ ಬೇಯಿಸಿ, ಸೋಸಿ, ಔಷಧಿ ಹಾಕಿ ಕಳಿಸುತ್ತಾರೆ. ಕುಡಿಯಲು ಅದು ಒಳ್ಳೆಯದೇ. ಆದರೆ ಆ ನೀರಿಗೆ ಮೆಂತ್ಯೆ ಏಳುವುದಿಲ್ಲ, ರಾಜಗಿರಿ ಎರಡೆಲೆಗೇ ಸೋತು ಬೀಳುತ್ತದೆ. ಆದ್ದರಿಂದ ಮನೆಮನೆಯಲ್ಲೂ ಗಾಜುಗೆರೆ ಇರುತ್ತದೆ. ನೀವು ಅಕ್ವೇರಿಯಂ ಎನ್ನುವುದಕ್ಕೆ ನಮ್ಮ ಹೆಸರು ಅದು. ಕೆಳಗೆ ಮಣ್ಣು, ಮೇಲೆ ಮರಳು, ಅದರಲ್ಲಿ ಲಾಡಿಹುಲ್ಲು, ನಡುವೆ ಹತ್ತಿಪ್ಪತ್ತು ಗಪ್ಪಿ. ಲಾಡಿಹುಲ್ಲೆಂದರೆ ನೀವು ವ್ಯಾಲಿಸ್ನೇರಿಯಾ ಎಂದು ಬರೆದು, ಮೂರು ಕಡೆ ಮೂರು ಥರ ಕಾಗುಣಿತ ತಪ್ಪಿರುವ ಅದೇ ಗಿಡ. ಪೈಜಾಮದ ಲಾಡಿಯಂತೆ ಉದ್ದಕ್ಕೆ ಬೆಳೆದು ನೀರಿನ ಮೇಲೆ ಮಲಗುವುದರಿಂದ ನಮಗೆ ಈ ಹೆಸರೇ ಸಲೀಸು. ಮಂಗಳವಾರ ಬೆಳಿಗ್ಗೆ ಕಾಲು ಭಾಗ ನೀರು ತೆಗೆದು ಮಾಳಿಗೆಯ ಮಡಿಗಳಿಗೆ ಹಾಕುತ್ತೇವೆ. ಹಿಂದಿನ ದಿನವೇ ತುಂಬಿಟ್ಟು, ಔಷಧಿ ವಾಸನೆ ಹಾರಿಹೋದ ನೀರನ್ನು ತಟ್ಟೆಯ ಮೇಲೆ ನಿಧಾನಕ್ಕೆ ಸುರಿದು ತುಂಬುತ್ತೇವೆ, ಮರಳು ಕದಡಬಾರದೆಂದು. ದೀಪ ಏಳು ತಾಸು. ಕೊಳೆತ ಎಲೆ ಕತ್ತರಿಸುವುದು, ಗಾಜಿಗೆ ಹತ್ತಿದ ಪಾಚಿ ಒರೆಸುವುದು, ಮೀನಿಗೆ ಚಿಟಿಕೆ ಆಹಾರ. ನಲವತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನನ್ನ ಬೆರಳ ತುದಿಗಳು ಸದಾ ನೆನೆದು ಸುಕ್ಕಾಗಿವೆ. ಮಂಗಳವಾರ ಬಂತೆಂದರೆ ಸೋಮವಾರವೇ ಬೆನ್ನು ನೋಯಲು ಶುರುವಾಗುತ್ತದೆ. ಇದು ಪುಣ್ಯದ ಕೆಲಸ ಎಂದು ಹಿಂದೆ ಅನ್ನಿಸುತ್ತಿತ್ತು, ಈಗ ಬರೀ ಕೆಲಸ.

ಇನ್ನು ಹೆಪ್ಪಿನ ವಿಚಾರ. ಹೊಸ ಗಾಜಿಗೆ ಬರೀ ನೀರು ತುಂಬಿ ಮೀನು ಬಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. "ಮೊದಲನೇ ತಿಂಗಳು, ಗಪ್ಪಿ ಹದಿಮೂರು ಹೋದವು" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಮೀನಿನ ಹೊಲಸನ್ನು ತಿಂದು ಗಿಡಕ್ಕೆ ಉಣಿಸುವ ಕಣ್ಣಿಗೆ ಕಾಣದ ಜೀವಗಳು ನೀರಿನಲ್ಲಿ ಮನೆ ಮಾಡಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಬೇಗ ಆಗಬೇಕೆಂದರೆ ಪಳಗಿದ ತೊಟ್ಟಿಯಿಂದ ನೀರು ಸೋಸುವ ಸ್ಪಂಜಿನ ಒಂದು ತುಂಡು, ಒಂದು ಹಿಡಿ ಮರಳು, ಬೇರು ಸಹಿತ ನಾಲ್ಕು ಗಿಡ ತರಬೇಕು. ಮೊಸರಿಗೆ ಪಕ್ಕದ ಮನೆಯಿಂದ ತರುವುದಿಲ್ಲವೇ, ಹಾಗೆಯೇ. ಹೆಸರೂ ಅದೇ. ಹೆಪ್ಪು ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ನಮ್ಮ ಓಣಿಗಳ ಕಟ್ಟಳೆ. ಏಳು ಓಣಿಗೆ ಹೆಪ್ಪಿನ ಮನೆ ನಮ್ಮದು. ನಿಮ್ಮ ನೋಟ್‌ಬುಕ್ ನಮ್ಮ ಮನೆಯಲ್ಲಿದೆ, ಇದೆಲ್ಲ ನಿಮ್ಮ ಗಾಜಿನಿಂದಲೇ ಶುರುವಾದದ್ದು ಎಂಬ ಜಂಬ ನಮಗೆ. ಹಿಂದಿನವರಿಗೂ ಇತ್ತು, ನನಗೆ ಒಂದು ತೂಕ ಹೆಚ್ಚೇ ಇತ್ತು.

ಹತ್ತೊಂಬತ್ತು ವರ್ಷದ ಹಿಂದೆ ಏಳನೇ ಓಣಿಯ ಜೈತುನ್‌ಬಿ ಎಂಬಾಕೆ ನನ್ನ ಬಾಗಿಲಿಗೆ ಬಂದಿದ್ದಳು. ಹೊಸದಾಗಿ ಸಂಸಾರ ಹೂಡಿದವಳು, ಕೈಯಲ್ಲಿ ತೊಳೆದ ಬಾಟಲಿ. ಆಕೆಯ ಗಾಜುಗೆರೆ ಒಮ್ಮೆ ಸತ್ತಿತ್ತು. ಕೊಟ್ಟೆ. ಎರಡು ತಿಂಗಳಿಗೆ ಮತ್ತೆ ಬಂದಳು, ಮತ್ತೆ ಸತ್ತಿದೆ ಎಂದಳು. ಅವತ್ತು ನನಗೆ ಮೈಯಲ್ಲಿ ಹುಷಾರಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹುಷಾರಾಗಿಯೇ ಇದ್ದೆ. ಕಷ್ಟಪಟ್ಟು ಸಾಕಿದ ಹುಲ್ಲನ್ನು ಕೊಳೆಸಲು ಕೊಡಬೇಕೇ ಎಂದು ಸಿಟ್ಟು ಬಂತು. "ನಿನ್ನ ಕೈಯಾಗ ಜೀವ ಉಳಿಯೂದಿಲ್ಲವಾ, ಹೋಗು" ಎಂದೆ. ಆಕೆ ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಆಮೇಲೆ ನಮ್ಮ ಓಣಿಯಲ್ಲಿ ನಡೆಯುವುದನ್ನೇ ಬಿಟ್ಟಳು, ಸಂತೆಗೆ ಹೋಗಲು ಸುತ್ತುದಾರಿ ಹಿಡಿಯುತ್ತಿದ್ದಳು. ನಾನು ಅದನ್ನು ಕಂಡೂ ಕಾಣದಂತಿದ್ದೆ.

ಎರಡು ವರ್ಷದ ಹಿಂದೆ ಇಲ್ಲಿ ಕಪ್ಪುಬೇನೆ ಬಂತು. ಲಾಡಿಹುಲ್ಲಿನ ಎಲೆ ಬುಡದಿಂದ ಕಪ್ಪಾಗಿ ಕರಗುವ ರೋಗ. ಕಂಡ ಕಂಡ ಗಾಜುಗೆರೆಗಳೆಲ್ಲ ಬೋಳಾದವು. ಕೊನೆಗೆ ನಮ್ಮ ಮನೆಯದೊಂದೇ ಉಳಿದಿದೆ ಎಂದುಕೊಂಡಿದ್ದೆವು. ನಾನು ಮಡಿ ಹಿಡಿದವಳಂತೆ ಆ ತೊಟ್ಟಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹೆಪ್ಪು ಕೇಳಿದವರಿಗೆ ತಡೆಯಿರಿ, ಇನ್ನಷ್ಟು ಮರಿ ಒಡೆಯಲಿ ಎನ್ನುತ್ತಿದ್ದೆ. ಒಂದು ಗಿಡ ಮರಳಿನೊಳಗೆ ಬಳ್ಳಿ ಹರಿಸಿ ಪಕ್ಕದಲ್ಲೇ ಮರಿ ಏಳಿಸುತ್ತದಲ್ಲ, ಕತ್ತರಿಸಿ ಕೊಡುವುದು ಎಷ್ಟರ ಕೆಲಸ? ಕೊಡಲಿಲ್ಲ.

ಈ ಯುಗಾದಿಗೆ ನನ್ನ ಸೊಸೆ ಈಶ್ವರಿ ಮನೆ ಸಾರಿಸಿ ಸುಣ್ಣ ಬಳಿದಳು. ವಿಜಯಪುರದ ಕಡೆಯ ಹುಡುಗಿ, ಮದುವೆಯಾಗಿ ಬಂದು ಐದು ತಿಂಗಳಾಗಿತ್ತು. ಅವರ ಕಡೆ ಗಾಜುಗೆರೆ ಇಲ್ಲ, ಕಾಯಿಪಲ್ಲೆ ಒಣಗಿದ್ದೇ ತರಿಸಿಕೊಳ್ಳುತ್ತಾರೆ. ನನ್ನನ್ನು ತಂಗಿಯ ಮನೆಗೆ ಕಳಿಸಿ, ಅತ್ತೆಗೆ ಒಂದು ದಿನವಾದರೂ ವಿಶ್ರಾಂತಿ ಸಿಗಲಿ ಎಂದು ಗಾಜುಗೆರೆಯ ಕೆಲಸಕ್ಕೂ ಕೈ ಹಾಕಿದ್ದಾಳೆ. ಗಿಡ ಕಿತ್ತು ತೊಳೆದಿದ್ದಾಳೆ. ಮರಳು ಕುದಿಸಿದ್ದಾಳೆ. ಕಂದು ಹಿಡಿದಿದ್ದ ಸ್ಪಂಜನ್ನು ನಳದ ಸತ್ತನೀರಿನ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದ್ದಾಳೆ. ಹಬ್ಬದ ಬೆಳಿಗ್ಗೆ ನಾನು ಬಂದಾಗ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. "ಅತ್ತಿ, ನೋಡ್ರಿಲ್ಲಿ, ಕನ್ನಡಿ ಆಗೇತಿ!" ನಿಜವಾಗಿಯೂ ಕನ್ನಡಿಯೇ ಆಗಿತ್ತು. ಆ ಸ್ಪಂಜಿನಲ್ಲಿ ಎಷ್ಟು ಕಾಲದ ಹೆಪ್ಪು ಇತ್ತೆಂದು ಆಕೆಗೆ ಯಾರು ಹೇಳಿದ್ದರು? ನಾನೇ ಹೇಳಿರಲಿಲ್ಲ. ಹತ್ತಿರ ಬಂದರೆ ದೂರ ಸರಿ ಎಂದದ್ದಷ್ಟೇ. ಮೂರನೇ ದಿನ ನೀರು ಹಾಲಿನಂತಾಯಿತು, ಗಪ್ಪಿಗಳು ಮೇಲೆ ಬಂದು ಬಾಯಿ ಬಿಟ್ಟವು, ಎಲೆ ಕರಗಿ ಲೋಳೆಯಾಯಿತು. ವಾರದಲ್ಲಿ ಏನೂ ಉಳಿಯಲಿಲ್ಲ. ಜೈತುನ್‌ಬಿಗೆ ಅಂದ ಮಾತನ್ನೇ ಆಕೆಗೂ ಅಂದೆ. ಅವತ್ತಿನಿಂದ ಈಶ್ವರಿ ಪಾತ್ರೆ ತೊಳೆಯುವುದಕ್ಕೆ ಬಿಟ್ಟು ಬೇರೆ ಯಾವ ನೀರಿಗೂ ಕೈ ಹಾಕಲಿಲ್ಲ. ಊಟಕ್ಕೆ ನನ್ನ ಎದುರು ಕೂಡುತ್ತಿರಲಿಲ್ಲ.

ಮಾಳಿಗೆಯ ಸೊಪ್ಪು ಹಳದಿಯಾಯಿತು. ಹೆಪ್ಪಿನ ಮನೆಯ ಯಜಮಾನಿ ಬಾಟಲಿ ಹಿಡಿದು ಆರು ಓಣಿ ಅಲೆದೆ. ಎಲ್ಲ ಕಡೆ ಬೋಳು. ಆಗ ಮೂರನೇ ಓಣಿಯಲ್ಲಿ ಯಾರೋ, ಏಳನೇ ಓಣಿಯ ಜೈತುನ್‌ಬಿಯ ಮನೆಯಲ್ಲಿ ಒಂದಿಷ್ಟು ಉಳಿದಿರಬೇಕು ಎಂದರು. ನಾಲ್ಕು ದಿನ ಹೋಗಲಿಲ್ಲ. ಐದನೇ ದಿನ ಬೆಳಿಗ್ಗೆ ಹೋಗಿ ಆಕೆಯ ಬಾಗಿಲಲ್ಲಿ ನಿಂತೆ. ಬಾಟಲಿಯನ್ನು ನಾನೂ ಸೆರಗಿನೊಳಗೇ ಇಟ್ಟುಕೊಂಡಿದ್ದೆ. "ಬರ್ರಿ ಅಕ್ಕಾರ, ಬಾಗಲದಾಗ ಯಾಕ ನಿಂತೀರಿ" ಎಂದಳು. ಒಳಗೆ ಕಿಟಕಿಯ ಕೆಳಗೆ, ಅಂಚು ಒಡೆದು ಅಂಟು ಹಾಕಿದ ಗಾಜಿನಲ್ಲಿ ಹುಲ್ಲು ಕಿಕ್ಕಿರಿದು ನಿಂತಿತ್ತು. ನಾನು ಓಡಿಸಿದ ಮೇಲೆ ಆಕೆ ಐದನೇ ಓಣಿಯ ಒಬ್ಬ ಮುದುಕಿಯ ಬಳಿ ಹೋಗಿದ್ದಳಂತೆ. ಆ ಮುದುಕಿ ಕೊಟ್ಟದ್ದೂ ಸತ್ತಿತು, ಮತ್ತೆ ಕೊಟ್ಟಳಂತೆ. ನಾನು ಏನೋ ಹೇಳಲು ಬಾಯಿ ತೆರೆದೆ. ಆಕೆ ಕೇಳಿಸಿಕೊಳ್ಳಲಿಲ್ಲ, ತೋಳು ಮಡಚಿ ನೀರಿಗೆ ಕೈಯಿಳಿಸಿದಳು. "ನನ್ನ ಕೈಯಾಗ ಮೂರ ಸಲ ಸತ್ತಾವ್ರಿ ಅಕ್ಕಾರ. ನಾಕನೇದ್ದು ಹಿಡೀತು. ಇದೂ ಹಿಡೀಲಿಲ್ಲಂದ್ರ ಮತ್ತ ಬರ್ರಿ." ಮತ್ತೆ ಬನ್ನಿ ಎಂಬ ಮಾತನ್ನು ಹತ್ತೊಂಬತ್ತು ವರ್ಷದ ಹಿಂದೆ ನಾನು ಹೇಳಬೇಕಿತ್ತು. ದಾರಿಯುದ್ದಕ್ಕೂ ಅಳುತ್ತ ಬಂದೆ, ಆಯಿ. ಈ ವಯಸ್ಸಿನಲ್ಲಿ, ಬೀದಿಯಲ್ಲಿ, ಬಾಟಲಿ ಹಿಡಿದುಕೊಂಡು.

ಮನೆಗೆ ಬಂದು ಬಾಟಲಿಯನ್ನು ಈಶ್ವರಿಯ ಕೈಗೆ ಕೊಟ್ಟೆ. ಬೇಡ ಎಂದಳು. ನೀನೇ ನೆಡು, ನಾನು ಪಕ್ಕದಲ್ಲಿ ಕೂತಿರುತ್ತೇನೆ, ಸತ್ತರೆ ಇಬ್ಬರೂ ಹೋಗಿ ತರೋಣ ಎಂದೆ. ಜೈತುನ್‌ಬಿ ಕೊಟ್ಟ ನಾಲ್ಕೂ ಗಿಡವನ್ನು ಒಂದೊಂದಾಗಿ ನೆಟ್ಟಳು. ನಾಲ್ಕರಲ್ಲಿ ಮೂರು ಕರಗಿದವು. ಒಂದು ನಿಂತಿದೆ, ಮರಿ ಇನ್ನೂ ಒಡೆದಿಲ್ಲ.

ಆಮೇಲೆ ಒಂದು ಕೆಲಸ ಮಾಡಿದೆ. ಯಾರಿಂದ ಯಾರಿಗೆ ಹೆಪ್ಪು ಹೋಯಿತೆಂದು ಪ್ರತಿ ಓಣಿಯಲ್ಲೂ ಬರೆದಿಟ್ಟಿರುತ್ತಾರೆ. ಐದನೇ ಓಣಿಯ ಹಳೆಯ ಪಟ್ಟಿ ತರಿಸಿ ಮೊದಲನೇ ಹೆಸರಿನವರೆಗೆ ಓದಿದೆ. ಮೊದಲ ಹೆಸರು ನಿಮ್ಮದಲ್ಲ. "ಗಿರಿಜಾ, ಪಕ್ಕದ ಮನೆಯಿಂದ ತಂದದ್ದು" ಎಂದಿದೆ. ಅದರ ಕೆಳಗೆ, ಎಷ್ಟೋ ವರ್ಷದ ನಂತರ, ಗಿರಿಜಾ ಅವರಿಂದ ಹೆಪ್ಪು ಪಡೆದವರ ಸಾಲಿನಲ್ಲಿ ನಿಮ್ಮ ಮಗಳ ಹೆಸರಿದೆ. ಈಗ ನಾಲ್ಕು ವರ್ಷದವಳಾಗಿ ನಿಮ್ಮ ಮಗ್ಗುಲಲ್ಲಿ ಆಡುತ್ತಿರುವ ಆ ಮಗಳು. ನಮ್ಮ ಮನೆಯ ಹುಲ್ಲು ನಮ್ಮ ಮನೆಯಲ್ಲಿ ಉಳಿದದ್ದಲ್ಲ. ಕೊಟ್ಟದ್ದು ತಿರುಗಿ ಬಂದದ್ದು. ಜಂಬ ಪಡಲು ನಮಗೆ ಏನೂ ಇರಲಿಲ್ಲ.

"ಹಾಗಾದರೆ ನಾನು ಗಿರಿಜಾಗೆ ಕೊಟ್ಟೇ ಇದ್ದೇನಲ್ಲ, ಈ ಕಾಗದ ಯಾಕೆ?" ಎಂದು ನೀವು ಕೇಳಬಹುದು. ನೀವಾಗಿಯೇ ಕೊಟ್ಟಿರೋ, ಇದನ್ನು ಓದಿ ಕೊಟ್ಟಿರೋ ನನಗೆ ತಿಳಿಯದು. ತಿಳಿಯದ ವಿಷಯವನ್ನು ದೇವರ ಮೇಲೆ ಬಿಡುವಷ್ಟು ಧೈರ್ಯ ನನಗಿಲ್ಲ.

ಅಕ್ವೇರಿಯಂ ಇಟ್ಟುಕೊಳ್ಳಿ, ಮುಂದಿನ ಪೀಳಿಗೆಗಾಗಿ ದುಡಿಯಿರಿ ಎಂದು ನಾನು ಹೇಳುವುದಿಲ್ಲ. ದಣಿದ ಬೆನ್ನಿಗೆ ಉಪದೇಶ ಬೇಡ. ರವಿವಾರ ಖಾಲಿ ಮಾಡಿ, ಗಾಜು ಒರೆಸಿ ಬಿಸಿಲಿಗಿಡಿ, ಮಧ್ಯಾಹ್ನ ಒಂದು ನಿದ್ದೆ ಮಾಡಿ. ನಿಮ್ಮ ಪಾಲಿನದು ಮುಗಿಯಿತು. ಆದರೆ ಸ್ಪಂಜು ತೊಳೆಯುವ ಮೊದಲು ಅದರ ಅರ್ಧ, ಒಂದು ಹಿಡಿ ಮರಳು, ಬೇರು ಹರಿಯದ ಒಂದು ಹಿಡಿ ಹುಲ್ಲು, ಇಷ್ಟನ್ನು ತೊಟ್ಟಿಯ ನೀರಿನಲ್ಲೇ ಇಟ್ಟು ಗಿರಿಜಾಗೆ ಕೊಡಿ. ಉಳಿದ ನಾಲ್ಕಾರು ಗಿಡ ಒಂದು ಬಾಟಲಿಯಲ್ಲಿ ಅಡುಗೆಮನೆ ಕಿಟಕಿಯಲ್ಲಿರಲಿ, ಅದಕ್ಕೆ ಬೆನ್ನು ಬಗ್ಗಿಸಬೇಕಿಲ್ಲ. ಗಿರಿಜಾ ಸಾಯಿಸುತ್ತಾಳೆ ಎಂದು ಬರೆದಿದ್ದೀರಿ, ಅದು ನಿಜ. ಎಲ್ಲರಂತೆ ಮೊದಲನೆಯದನ್ನು ಸಾಯಿಸುತ್ತಾಳೆ. ಆಮೇಲೆ ನಿಮ್ಮ ಬಾಗಿಲಿಗೆ ಬರುವುದಿಲ್ಲ, ನಾಚಿಕೆಯಾಗಿರುತ್ತದೆ. ಆಕೆ ಬರಲಿ ಎಂದು ಕಾಯಬೇಡಿ. ಬಾಟಲಿ ಹಿಡಿದು ನೀವೇ ಹೋಗಿ.

ನಿಮಗಿಂತ ವಯಸ್ಸಾದ ನಿಮ್ಮ ಕೂಸು,
ಸಾವಂತ್ರಿ