ಅಪ್ಪ ಹೊಲಿದ ಮಳೆಕೋಟು

ಅಕ್ಕಾ,

ವಾಟರ್ ಪಾರ್ಕಿಗೆ ಬಂದು ಒದ್ದೆಯಾಗಬಾರದು ಅನ್ನುವವರು ಈ ಭೂಮಿಯ ಮೇಲೆ ನಮ್ಮಪ್ಪ ಒಬ್ಬರೇ. ದರ್ಜಿಯ ಮಗಳಾಗಿ ಹುಟ್ಟಿದ ತಪ್ಪಿಗೆ, ಅವರು ಹಳೇ ಛತ್ರಿ ಬಟ್ಟೆಯಲ್ಲಿ ಹೊಲಿದ ಮಳೆಕೋಟು, ಪ್ಯಾಂಟು ತೊಟ್ಟು ಇಲ್ಲಿಯ ಜಾರುವ ದೋಣಿ ಹತ್ತಿದೆ. ನೀರು ಕೆಳಗಿನಿಂದ ನುಗ್ಗಬಾರದೆಂದು ಪ್ಯಾಂಟಿನ ಕಾಲಿಗೆ ಬಿಗಿಯಾಗಿ ಎಲಾಸ್ಟಿಕ್ ಹಾಕಿದ್ದರು. ದೋಣಿ ಇಳಿಜಾರಿನಲ್ಲಿ ಧುಮುಕಿತು ನೋಡು, ನೀರೆಲ್ಲ ಕತ್ತಿನಿಂದ ಒಳಗೆ ಬಂತು. ಹೊರಗೆ ಹೋಗಲು ದಾರಿಯೇ ಇಲ್ಲ! ಕಾಲೆರಡೂ ತುಂಬಿದ ಕೊಡಗಳಾದವು. ಏಳಲಾಗದೆ ಕೂತವಳನ್ನು ದೋಣಿ ಬಿಡುವವನೂ ಇನ್ನಿಬ್ಬರೂ ಸೇರಿ ಎತ್ತಿ ದಡಕ್ಕೆ ಹಾಕಿದರು. ಬರೀ ಅಂಗಿಯಲ್ಲಿ ಬಂದವರೆಲ್ಲ ಹತ್ತೇ ನಿಮಿಷಕ್ಕೆ ಬಿಸಿಲಲ್ಲಿ ಒಣಗಿಕೊಂಡು ಹೋದರು.

ಅಪ್ಪ ಮಾತ್ರ ದೋಣಿ ಹತ್ತಿರಲಿಲ್ಲ. ಓಡಿ ಬಂದವರು ನನ್ನ ಮುಖವನ್ನೂ ನೋಡದೆ, ಊದಿದ ಪ್ಯಾಂಟನ್ನು ಒತ್ತಿ ನೋಡಿ, “ಹೊಲಿಗೆ ಅಂದ್ರೆ ಇದು ಕಣೇ, ಒಂದು ಹನಿ ಸೋರಿಲ್ಲ!” ಅಂದರು.

ನೆಗಡಿ ಹಿಡಿದಿದೆ, ಜ್ವರವಿಲ್ಲ. ಅಮ್ಮನಿಗೆ ಹೇಳಬೇಡ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು, ಮುಖ್ಯ ವಿಷಯ ಕೇಳು: ನಿನಗೂ ಒಂದು ಜೊತೆ ಹೊಲಿಯುತ್ತಾರಂತೆ, ನಿನ್ನ ಅಳತೆ ಬಾಯಿಪಾಠವಂತೆ. ನಾವು ಮನೆಗೆ ಬರುವ ಮೊದಲೇ ಹೊಲಿಗೆ ಮಷೀನಿನ ಸೂಜಿ ಬಚ್ಚಿಡು.

ಇನ್ನೂ ಬಟ್ಟೆ ಹಿಂಡುತ್ತಿರುವ
ನಿನ್ನ ತಂಗಿ