ಬೇಸಿನ್ ಪಕ್ಕದ ಬೆಡ್

ಮಾರ್ಚ್ 4
ಮತ್ತೆ ಕೈ ತೊಳೆದು ಬಂದೆ. ಅಮ್ಮನ ಆಪರೇಷನ್ ಆದ ಹೊಟ್ಟೆಯ ಹೊಲಿಗೆ ಒಣಗುತ್ತಿದೆ ಎಂದರು ಡಾಕ್ಟರು. ಆದರೆ ಈ ಬೆಡ್... ಬಾಗಿಲ ಪಕ್ಕ. ಬರುವವರು ಹೋಗುವವರೆಲ್ಲ ಮಂಚ ಸವರಿಕೊಂಡೇ ಹೋಗಬೇಕು. ಒಬ್ಬ ಮಹಾಶಯ ಮೂಗು ಹಿಂಡಿದ ಕೈಯನ್ನು ಅಮ್ಮನ ಹೊದಿಕೆಗೇ ಒರೆಸಿದ. ತಕ್ಷಣ ಹೊದಿಕೆ ಬದಲಾಯಿಸಿದೆ.

ಸಂಜೆ
ವಾರ್ಡಿನ ಆ ಮೂಲೆಯಲ್ಲಿ, ಬೇಸಿನ್ ಪಕ್ಕದ ಬೆಡ್ ಖಾಲಿಯಾಯಿತು. "ಅಲ್ಲಿ ನೀರು ಸಿಡಿಯುತ್ತೆ ಮೇಡಂ, ಬೇಡ," ಎಂದರು ಸಿಸ್ಟರ್. ನೀರು ತಾನೆ, ಕೆಸರಲ್ಲವಲ್ಲ. ಕೈ ತೊಳೆಯಲು ಅನುಕೂಲ ಎಂದು ಗಲಾಟೆ ಮಾಡಿ ಪಡೆದೆ. "ಸೋಪಮ್ಮ ಗೆದ್ಲು ಬಿಡು," ಎಂದು ಅಣ್ಣ ನಕ್ಕ. ಅಮ್ಮನ ಮುಖ ಅರಳಿತು.

ಮಾರ್ಚ್ 5
ಥೂ. ಒಬ್ಬಾಕೆ ಬೇಸಿನ್ನಿಗೆ ಉಳಿದ ಚಹಾ ಸುರಿದಳು. ಇನ್ನೊಬ್ಬ ಕ್ಯಾಕರಿಸಿ ಉಗಿದ. ತೂತಿನ ಸುತ್ತ ಕಪ್ಪು ಲೋಳೆ. ಇವರೆಲ್ಲ ಮನುಷ್ಯರೋ ಏನೋ. ನಾನೇ ಬ್ರಷ್ ತಂದು, ನಲ್ಲಿ ಜೋರಾಗಿ ಬಿಟ್ಟು ಉಜ್ಜಿದೆ. ಅಮ್ಮನ ಹೊದಿಕೆಯ ಮೇಲೂ ನಾಲ್ಕು ಹನಿ ಬಿತ್ತು. ಒರೆಸಿದೆ. ಈಗ ಬೇಸಿನ್ ಪಳಪಳ.

ಮಾರ್ಚ್ 9
ಅಮ್ಮನಿಗೆ ಜ್ವರ. ಹೊಲಿಗೆಯಲ್ಲಿ ಹಸಿರು ಕೀವು. ಸಿಹಿಸಿಹಿ ಕಮಟು ವಾಸನೆ, ಮೂಗಿನಿಂದ ಹೋಗುತ್ತಲೇ ಇಲ್ಲ. ಯಾವ ಇಂಜೆಕ್ಷನ್ನೂ ನಾಟುತ್ತಿಲ್ಲ. ನೋಡಲು ಬಂದವರೆಲ್ಲರಿಗೂ ಬೈದೆ — ಕೊಳಕರು, ಕೈ ತೊಳೆಯದೆ ಮುಟ್ಟುತ್ತಾರೆ. ಒಬ್ಬೊಬ್ಬರನ್ನೂ ಬೇಸಿನ್ ಮುಂದೆ ನಿಲ್ಲಿಸಿ ತೊಳೆಸಿದೆ.

ಮಾರ್ಚ್ 12
ಲ್ಯಾಬಿನವರು ಕರೆಸಿದ ಪ್ಲಂಬರ್ ಬೇಸಿನ್ ಕೆಳಗಿನ ಪೈಪ್ ಬಿಚ್ಚಿದ. ಒಳಗಿಂದ ಕೂದಲು ಸುತ್ತಿದ ಲೋಳೆ, ನೆನೆದ ಜಡೆಯ ಹಾಗೆ, ಎಳೆದಷ್ಟೂ ಬಂತು. ಓಡಿಹೋಗಿ ವಾಂತಿ ಮಾಡಿಕೊಂಡೆ.
ಲ್ಯಾಬ್ ಡಾಕ್ಟರು ಮೆತ್ತಗೆ ಹೇಳಿದರು: "ಅಮ್ಮನ ಗಾಯದಲ್ಲಿರೋದೂ ಈ ಪೈಪಲ್ಲಿರೋದೂ ಒಂದೇ ರೋಗಾಣು. ನಲ್ಲಿ ಬಿಟ್ಟಾಗೆಲ್ಲ ಸಿಡಿದು ಪಕ್ಕದ ಬೆಡ್ಡಿಗೆ ಬೀಳುತ್ತೆ. ಉಜ್ಜಿದ್ರಂತೂ ಇನ್ನೂ ಜಾಸ್ತಿ."
ಇಷ್ಟು ದಿನ ಊರವರ ಕೈ ಕಂಡು ಹೇಸುತ್ತಿದ್ದೆ. ಇವತ್ತು ನನ್ನ ಕೈಯಿಂದ ತುತ್ತು ತಿನ್ನಲು ನನಗೇ ಹೇಸಿಗೆಯಾಯಿತು.

ಮಾರ್ಚ್ 13, ಬೆಳಿಗ್ಗೆ
ಅಮ್ಮ ಈಗ ಐಸಿಯುನಲ್ಲಿ. ಬಿಪಿ ಇಳಿಯುತ್ತಲೇ ಇದೆ. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರು ನಮ್ಮ ವಾರ್ಡಿನ ಸಿಸ್ಟರನ್ನು ಕರೆಸಿ ರೇಗಿದರು: "ಆಪರೇಷನ್ ಆದವರನ್ನ ಬೇಸಿನ್ ಪಕ್ಕ ಯಾರ್ರೀ ಹಾಕಿದ್ದು?"
ಸಿಸ್ಟರ್ ನನ್ನತ್ತ ನೋಡಿದರು. ನಾನು ಅಮ್ಮನ ಹೊದಿಕೆ ಸರಿಪಡಿಸತೊಡಗಿದೆ.
ಅಮ್ಮ ಆಕ್ಸಿಜನ್ ಮಾಸ್ಕ್ ಸರಿಸಿದಳು. ಮುಖ ಮತ್ತೆ ಅರಳಿತ್ತು.
"ನನ್ ಮಗಳು, ಡಾಕ್ಟ್ರೇ. ಜಗಳ ಆಡಿ ಕೊಡಿಸಿದ್ಲು. ಅವಳಿಗೆ ಎಲ್ಲಾ ಕ್ಲೀನಾಗಿರ್ಬೇಕು..."
ನಾನು —