ಮೊಹರಿಲ್ಲದ ಇಕ್ಕಳ

ತೂಕ-ಅಳತೆ ಇಲಾಖೆಯ ನಾಸಿಕದ ನಿರೀಕ್ಷಕ ಸಾಹೇಬರೇ,

ಬರೇ ಕಣ್ಣಲ್ಲಿ ನೋಡಿ ಆನೆಯ ತೂಕವನ್ನು ಗುಲಗಂಜಿಯಷ್ಟೂ ತಪ್ಪದೆ ಹೇಳಬಲ್ಲವನು ಇಡೀ ಮಹಾರಾಷ್ಟ್ರದಲ್ಲಿ ನಾನೊಬ್ಬನೇ. ಅಂಥವನ ಹೋಟೆಲಿನ ತಕ್ಕಡಿಗೂ ನೀವು ವರ್ಷ ವರ್ಷ ಮೊಹರು ಹೊಡೆಯುತ್ತೀರಿ. ಹೋದ ಸಲ ಮೈಸೂರುಪಾಕು ತೂಗುವ ತಟ್ಟೆ ಕೂದಲೆಳೆಯಷ್ಟು ವಾಲಿತೆಂದು ದಂಡ ಹಾಕಿದಿರಿ. ಕಟ್ಟಿದೆ. ಆದರೆ ಕಾಲೇಜು ರಸ್ತೆಯ ತೂಕ ಇಳಿಸುವ ಕೇಂದ್ರದಲ್ಲಿ ಮನುಷ್ಯರ ಚರ್ಮ ಚಿವುಟಿ ಕೊಬ್ಬು ಅಳೆಯುವ ಇಕ್ಕಳವೊಂದಿದೆಯಲ್ಲ, ಅದಕ್ಕೆ ಮೊಹರು ಹೊಡೆದವರು ಯಾರು? ಮರಾಠಿಯಲ್ಲಿ ಕೇಳಿದೆ, ಉತ್ತರ ಬರಲಿಲ್ಲ. ಹಾಗಾಗಿ ನಮ್ಮ ಕನ್ನಡ ಸಂಘದ ಸಂಚಿಕೆಯಲ್ಲಿ, ಎಲ್ಲರೂ ಓದುವಂತೆ ಕೇಳುತ್ತಿದ್ದೇನೆ. ನಿಮಗೆ ಕನ್ನಡ ಬಾರದು, ಗೊತ್ತು. ನಿಮ್ಮ ಮೌನಕ್ಕೆ ಈಗಲಾದರೂ ಒಂದು ಕಾರಣ ಸಿಕ್ಕಿತಲ್ಲ!

ನನ್ನ ಹೆಂಡತಿ ರಾಜೀವಿ ಹೋದ ವರ್ಷ ತಂಗಿ ಮಗಳ ಮದುವೆಗೆಂದು ಯೇವಲಾದಿಂದ ಪೈಠಣಿ ಸೀರೆ ತಂದಳು. ರವಿಕೆ ತೋಳಿಗೆ ಏರಲಿಲ್ಲ. ಆ ಕೇಂದ್ರಕ್ಕೆ ಹೋದಳು. ಅಲ್ಲಿನ ಬಿಳಿ ಕೋಟಿನ ಹೆಂಗಸು ತೋಳು, ಹೊಟ್ಟೆ, ತೊಡೆಯನ್ನು ಇಕ್ಕಳದಲ್ಲಿ ಹಿಡಿದು, ಮುಳ್ಳು ನೋಡಿ, ಮೈಯಲ್ಲಿ ನೂರಕ್ಕೆ ನಲವತ್ತು ಪಾಲು ಕೊಬ್ಬೆಂದು ತೀರ್ಪು ಕೊಟ್ಟಳು. ಅನ್ನ ಬಿಡಿಸಿದಳು, ತುಪ್ಪ ಬಿಡಿಸಿದಳು. ಮುಂದಿನ ತಿಂಗಳು ಅಳೆದರೆ ನಲವತ್ತಮೂರು!

"ಕಾಕಿ, ನೀವು ಕದ್ದು ತಿನ್ನುತ್ತೀರಿ. ಹೋಟೆಲಿನವರಲ್ಲವೇ?" ಎಂದಳು, ನಾಲ್ಕು ಜನರ ಎದುರು.

ನಾನು ಬಿಟ್ಟೇನೆಯೇ? "ಕದ್ದು ತಿನ್ನುವವನು ನಾನು, ಇವಳಲ್ಲ" ಎಂದು ಜಗಳ ತೆಗೆದೆ.

"ಕಾಕಾ, ಮನುಷ್ಯರು ಸುಳ್ಳು ಹೇಳಬಹುದು. ಯಂತ್ರ ಹೇಳುವುದಿಲ್ಲ."

ಯಂತ್ರವಂತೆ! ಅಂಥದರಲ್ಲಿ ನಮ್ಮ ಅಡುಗೆಯವರು ಬಿಸಿ ಪಾತ್ರೆ ಇಳಿಸುತ್ತಾರೆ. ಆದರೆ ರಾಜೀವಿ ನಂಬಿಬಿಟ್ಟಳು. ಬೆಳಗಿನ ಒಂದೇ ಒಂದು ಇಡ್ಲಿಯನ್ನೂ ತಟ್ಟೆಯಲ್ಲೇ ಬಿಟ್ಟು, "ಬೇಡ ಮಾರಾಯ್ರೆ, ಇದೂ ಆ ಇಕ್ಕಳಕ್ಕೆ ಗೊತ್ತಾಗ್ತದೆ" ಎನ್ನುವಳು.

ಮೆಟ್ಟಿಲು ಹತ್ತಲಾಗದೆ ಕುಸಿದಾಗ ಸರಕಾರಿ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಅವಳ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಬಿದ್ದ ಗುಳಿ ಮೇಲೇಳಲಿಲ್ಲ. "ಇದು ಕೊಬ್ಬಲ್ಲ, ನೀರು. ಮೂತ್ರಪಿಂಡ ಯಾವಾಗಲೋ ಕೆಟ್ಟಿದೆ. ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಏನು ಮಾಡುತ್ತಿದ್ದೆವು ಸಾಹೇಬರೇ? ನೀರನ್ನು ಇಕ್ಕಳದಲ್ಲಿ ಹಿಡಿಸಿ, ಕೊಬ್ಬೆಂದು ಬರೆಸಿಕೊಂಡು ಬರುತ್ತಿದ್ದೆವು.

ಡಾಕ್ಟರು ಆಚೆ ಹೋದ ಮೇಲೆ ಅವಳ ಮುಖದಲ್ಲಿ ಎಂಥದೋ ಗೆಲುವು. "ಹಾಗಾದ್ರೆ ನಾನು ಕದ್ದು ತಿಂದದ್ದಲ್ಲ ಅಂತ ಆಯ್ತಲ್ವಾ? ಅವರಿಗೆ ಒಮ್ಮೆ ಹೇಳಿ ಬನ್ನಿ."

ಆ ಸಲದ ಚೌತಿ ಕಾಣದೆ ತೀರಿಹೋದಳು. ಹೇಳಿ ಬರಲು ಹೋದೆ. ಆ ಹೆಂಗಸು ಇನ್ಯಾರದೋ ತೋಳು ಹಿಡಿದಿದ್ದಳು. ತಲೆಯೆತ್ತದೆ, "ಅಪಾಯಿಂಟ್‌ಮೆಂಟ್ ಇದೆಯಾ?" ಎಂದಳು.

ಆದ್ದರಿಂದ ನೀವು ಹೋಗಿ. ಆ ಇಕ್ಕಳವನ್ನು ಜಪ್ತಿ ಮಾಡಿ. ಅದು ನಿಮ್ಮ ಕಾಯಿದೆಯೊಳಗೆ ಬರದಿದ್ದರೆ ಬರುವಂತೆ ಮಾಡಿ. ಡಾಕ್ಟರೊಬ್ಬರು ಮೊದಲು ಪರೀಕ್ಷಿಸದೆ ಯಾರ ಕೊಬ್ಬನ್ನೂ ಅಳೆಯಕೂಡದೆಂದು ಬೋರ್ಡು ಹಾಕಿಸಿ. ರಾಜೀವಿ ಕದ್ದು ತಿಂದವಳಲ್ಲವೆಂದು ಅಲ್ಲೇ, ಜನರ ಎದುರು, ಹೇಳಿಸಿ.

ದುಡ್ಡು ವಾಪಸು ಬೇಡ. ಆ ಕೇಂದ್ರ ನನ್ನ ಇಪ್ಪತ್ತು ಸಾವಿರ ನುಂಗಿತೆಂದು ನಾಸಿಕದ ತುಂಬ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು. ಕೊಟ್ಟದ್ದು ನೂರೈವತ್ತು ರೂಪಾಯಿ. ಅಷ್ಟಕ್ಕೇ ಅವಳನ್ನು ಕಳೆದುಕೊಂಡೆ ಎನ್ನಲು ನಾಲಿಗೆ ಏಳಲಿಲ್ಲ.

ಇಂತಿ,
ಹೇಳಿ ಬನ್ನಿ ಎಂದದ್ದನ್ನು ಇನ್ನೂ ಹೇಳಲಾಗದ,
ರಾಜೀವಿಯ ಗಂಡ ಕಿಟ್ಟಣ್ಣ
ನಾಸಿಕ್ ರೋಡ್, 1992